ಒಂದೇ ಸಲ ಕೂಗಿದ್ದು

ಇವತ್ತು ಬೆಳಿಗ್ಗೆ ನಲ್ಲಿಗೆ ನೀರು ಬಿಟ್ಟಿದ್ದರು. ಕೊಡ, ಬಕೆಟ್ಟು, ಹಂಡೆ ಎಲ್ಲ ತುಂಬಿಸಿದೆ. ಅತ್ತೆಯ ಕಣ್ಣಿಗೆ ಔಷಧಿ ಹನಿಸಿದೆ. ರೊಟ್ಟಿ ಬಡಿದೆ, ಅರ್ಧ ಮನೆಗೆ, ಅರ್ಧ ಬುತ್ತಿಗೆ. ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಯಿತು. ಒಣಗದ ಬಟ್ಟೆಗಳನ್ನು ಒಳಗಿನ ಹಗ್ಗಕ್ಕೆ ಹಾಕಿದೆ. ಆಮೇಲೆ ಗಂಡನ ಜೊತೆ ಜಲಪಾತ ಹುಡುಕಲು ಗುಡ್ಡಕ್ಕೆ ಹೋದೆ.

ಇವರದು ಮೋಟಾರ್ ವೈಂಡಿಂಗ್ ಅಂಗಡಿ. ಮಳೆ ಹಿಡಿದರೆ ಬೋರ್‌ವೆಲ್ ಮೋಟಾರುಗಳು ಸುಡುವುದಿಲ್ಲ, ಇವರಿಗೂ ಕೆಲಸವಿರುವುದಿಲ್ಲ. ಆ ಬಿಡುವಿನಲ್ಲಿ ಹತ್ತಿದ ಹುಚ್ಚು ಇದು. ನಮ್ಮ ಕೂಡ್ಲಿಗಿ ಸೀಮೆಯ ಬಂಡೆಗುಡ್ಡಗಳಲ್ಲಿ ದೊಡ್ಡ ಮಳೆಯಾದ ಮೇಲೆ ನಾಲ್ಕಾರು ದಿನ ಸುರಿದು ಬತ್ತಿಹೋಗುವ ನೀರಿನ ಜಾಗಗಳಿವೆ. ದಾರಿಯಿಲ್ಲ, ಹೆಸರಿಲ್ಲ, ಕೆಳಗಿನ ಹೊಲದವರಿಗೆ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿನ ಬೆನ್ನು ಹತ್ತಿ ಇವರು ಒಬ್ಬರೇ ಹೋಗುತ್ತಿದ್ದರು. ಗುಡ್ಡದಲ್ಲಿ ಕರಡಿಗಳಿವೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಜೊತೆಗೆ ಹೋಗಿ ಹೆದರುವುದೇ ಮೇಲು ಅನ್ನಿಸಿ ಈ ಸಲ ನಾನೂ ಹೊರಟೆ.

"ನಳ ಬಿಟ್ಟಾರ, ಅದನ್ನ ನೋಡಕೊಂತ ಕುಂದ್ರಲೇ. ಅದೂ ಮ್ಯಾಲಿಂದನ ಬೀಳ್ತತಿ," ಅಂದರು ಅತ್ತೆ ಮಗನಿಗೆ.

"ಅದಕ್ಕ ಸಪ್ಪಳ ಇಲ್ಲಬೇ ಯವ್ವಾ."

"ಸಪ್ಪಳಕ್ಕ ಹೆಂಡ್ತಿ ಅದಾಳಲ್ಲ."

ಹಾಗೆಂದವರೇ ತಮ್ಮ ಹಳೇ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದರು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವರು, ಕಂಬಳಿಯಿಲ್ಲದೆ ಯಾರನ್ನೂ ಗುಡ್ಡಕ್ಕೆ ಕಳಿಸುವುದಿಲ್ಲ.

ಬೈಕನ್ನು ಹೊಲದ ಬೇವಿನ ಮರದ ಕೆಳಗೆ ನಿಲ್ಲಿಸಿ ಹತ್ತಿದೆವು. ಕುರಿ ನಡೆದ ದಾರಿ ಅರ್ಧಕ್ಕೇ ಮುಗಿಯಿತು. ಅಲ್ಲಿಂದ ಮೇಲೆ ಸೀತಾಫಲದ ಪೊದೆ, ಮುಳ್ಳು, ಪಾಚಿ ಹಿಡಿದ ಬಂಡೆ. ಒಂದು ಕಡೆ ಹಣ್ಣಿನ ಬೀಜ ತುಂಬಿದ ಕರಡಿ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ನಾನು ಅಲ್ಲೇ ನಿಂತೆ.

"ಮಾತಾಡಕೊಂತ ಬಾ. ಸಪ್ಪಳಾದ್ರ ಕರಡಿ ತಾನಾ ಸರೀತತಿ," ಅಂದರು.

"ಏನ್ ಮಾತಾಡ್ಲಿರಿ?"

"ದಿನಾ ನನ್ನ ಬೈತಿಯಲ್ಲ, ಅದನ್ನ ಮಾತಾಡು."

ಬೈಯುತ್ತಲೇ ಹತ್ತಿದೆ. ತುದಿ ಮುಟ್ಟುವತನಕ ನಿಲ್ಲಿಸಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಸದ್ದಿನ ತಲೆಯ ಮೇಲೆ ಬಂದು ನಿಂತೆವು. ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ನೀರು ಧುಮುಕುತ್ತಿತ್ತು. ಮೇಲಿನಿಂದ ಬಿಳಿ ನೊರೆ ಬಿಟ್ಟರೆ ಏನೂ ಕಾಣುವುದಿಲ್ಲ. ಹರಿವಿನ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಂಡೆವು. ಇವರಿಗೆ ಕೆಳಗಿಳಿದು ಎದುರಿನಿಂದ ನೋಡಬೇಕಿತ್ತು.

"ಇಲ್ಲೇ ಕುಂದ್ರು. ಹೀಂಗ ಹೋಗಿ ಹಾಂಗ ಬಂದೆ."

ಚೀಲ, ಫೋನು ನನ್ನ ಹತ್ತಿರ ಬಿಟ್ಟು ಪಕ್ಕದ ಸಂದಿಯಲ್ಲಿ ಇಳಿದರು. ತಲೆ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.

ಸ್ವಲ್ಪ ಹೊತ್ತಿಗೆ ಗುಡ್ಡದ ಹಿಂದಿನ ಆಕಾಶ ಕಪ್ಪಾಯಿತು. ನಾನಿದ್ದ ಕಡೆ ಒಂದು ಹನಿಯೂ ಬೀಳಲಿಲ್ಲ. ಆದರೆ ತಿಳಿಯಾಗಿದ್ದ ನೀರು ಕೆಂಪಗಾಯಿತು. ಎಲ್ಲೋ ಮೇಲೆ ಮಳೆ ಸುರಿದು ಮಣ್ಣು ಕೊಚ್ಚಿಕೊಂಡು ಬರುತ್ತಿತ್ತು. ನೋಡುತ್ತಿದ್ದಂತೆ ನಾವು ಕೂತು ಉಂಡ ಕಲ್ಲಿಗೆ ನೀರು ಹತ್ತಿತು, ರೊಟ್ಟಿಯ ಚೂರುಗಳು ತೇಲಿಹೋದವು. ಅಂಚಿಗೆ ತೆವಳಿ ಹೋಗಿ ಕೂಗಿದೆ: "ರೀ..."

ಉತ್ತರ ಬರಲಿಲ್ಲ. ಮತ್ತೆ ಕೂಗಲಿಲ್ಲ ನಾನು.

ನನ್ನ ತವರು ಹಂಪಸಾಗರ, ಹೊಳೆಯ ಊರು. ಹರಿವ ನೀರಿನ ಹತ್ತಿರ ಮನುಷ್ಯರನ್ನು ಒಂದೇ ಸಲ ಕೂಗಬೇಕು, ಎರಡನೆಯ ಕೂಗಿಗೆ ನೀರು ಓಗೊಡುತ್ತದೆ, ಓಗೊಟ್ಟರೆ ಆ ಮನುಷ್ಯನನ್ನು ತನ್ನವನೆನ್ನುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ನಾನು ಅದನ್ನು ನಂಬುತ್ತೇನೋ ಇಲ್ಲವೋ ಯಾವತ್ತೂ ಯೋಚಿಸಿದವಳಲ್ಲ. ಆದರೆ ಎರಡನೆಯ ಕೂಗು ಗಂಟಲಿಗೆ ಬಂದಾಗ ಕೈ ತಾನಾಗಿ ಬಾಯಿ ಮುಚ್ಚಿತು. ಹಾಗೇ ಕೂತೆ. ಕೆಳಗೆ ಕಲ್ಲೊಂದು ಉರುಳಿದ ಸದ್ದು. ಕಲ್ಲೋ, ಇವರೋ? ಇವರು ಇಳಿದ ಸಂದಿಗೂ ಕೆಂಪು ನೀರು ನುಗ್ಗಿತು.

ಆಗ ಕೈ ತೆಗೆದೆ. "ರೀ!" ಅಂದೆ. ನೀರಿನ ಸದ್ದು ಬಿಟ್ಟರೆ ಏನಿಲ್ಲ. ನೀರು ಓಗೊಡುತ್ತದೆ ಎಂದು ಅವ್ವ ಹೇಳಿದ್ದು ಇದೇ ಏನೋ ಅನ್ನಿಸಿತು. ಆದದ್ದಾಗಲಿ ಎಂದು ಇನ್ನೊಮ್ಮೆ ಕಿರುಚಿದೆ.

"ಓ!"

ದೂರದಲ್ಲಲ್ಲ, ನನ್ನ ಕೆಳಗೇ, ಒಂದಾಳು ಆಳದಲ್ಲಿ. ಅಂಚಿನ ಮರೆಗಿದ್ದ ಬಂಡೆಯ ಚಾಚಿನ ಮೇಲೆ ಇವರು ಗೋಡೆಗೆ ಹಲ್ಲಿಯಂತೆ ಅಂಟಿ ನಿಂತಿದ್ದರು. ಮೇಲೆ ನುಣ್ಣನೆಯ ಪಾಚಿ, ಹಿಂದೆ ನೀರು. ಕಂಬಳಿಯ ಒಂದು ತುದಿ ಇಳಿಬಿಟ್ಟೆ, ಇನ್ನೊಂದನ್ನು ಕೈಗೆ ಸುತ್ತಿ ಎರಡೂ ಕಾಲನ್ನು ಕಲ್ಲಿಗೆ ಒತ್ತಿ ಕೂತೆ. ಭಾರ ಬಿದ್ದಾಗ ಇಬ್ಬರೂ ಹೋದೆವು ಅಂದುಕೊಂಡೆ. ಕಂಬಳಿ ಹಿಡಿಯಿತು.

ಮೇಲೆ ಬಂದು ಬಹಳ ಹೊತ್ತು ಮಲಗಿಯೇ ಇದ್ದರು.

"ಮೊದಲನೇ ಸಲ ಕೂಗಿದ್ದು ಕೇಳಿತ್ತೇನ್ರಿ?"

"ಕೇಳಿತ್ತು."

"ಮತ್ತ ಓ ಅನ್ನಾಕ ಏನಾಗಿತ್ತು ನಿಮಗ?"

"ಗುಡ್ಡದಾಗ ಮೂರು ಸಲ ಕೂಗಿದ್ರ ಮನಷ್ಯಾರು, ಇಲ್ಲಾಂದ್ರ ದೆವ್ವ, ಅದಕ್ಕ ಓ ಅನ್ನಬಾರದು ಅಂತ ಅವ್ವ ಹೇಳ್ಯಾಳ. ನೀನು ಒಂದ ಸಲ ಕೂಗಿ ನಿಂದರಿಸಿದಿ. ಇದು ನೀನಲ್ಲ ಅಂತ ಖಾತ್ರಿ ಆತು. ಉಸುರು ಬಿಗಿಹಿಡಕೊಂಡು ನಿಂತಿದ್ದೆ. ನೀನ್ಯಾಕ ಸುಮ್ಮನಾದಿ?"

ನಮ್ಮೂರಿನದನ್ನು ಹೇಳಿದೆ. ಇಬ್ಬರಿಗೂ ನಗು ಬರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ. ಅಡುಗೆಮನೆಯಿಂದ ಪಡಸಾಲೆಗೆ ಬೇಕಾದಷ್ಟು ಸಲ ಕೂಗುತ್ತೇನೆ, ಅಲ್ಲಿ ಯಾವ ಲೆಕ್ಕವೂ ಇಲ್ಲ. ಹಾಗಾಗಿ ಈ ಮಾತು ಎಂದೂ ಬಂದಿರಲಿಲ್ಲ.

ಇಳಿಯುವಾಗ ಅವರು ಮುಂದೆ, ನಾನು ಹಿಂದೆ. ಪೊದೆಯಲ್ಲಿ ಮರೆಯಾದಾಗಲೆಲ್ಲ ಸುಮ್ಮಸುಮ್ಮನೆ "ರೀ" ಅಂದೆ. ಪ್ರತಿ ಸಲ ಮೊದಲ ಕೂಗಿಗೇ "ಓ" ಅಂದರು.

ಅತ್ತೆ ತೊಯ್ದ ಕಂಬಳಿ ನೋಡಿದರು, ಮಗನ ತರಚಿದ ಮೊಣಕಾಲು ನೋಡಿದರು. "ಕಂಡಿತೇನಲೇ ನಿನ್ನ ನೀರು?"

"ಕಂಡಿತು. ಸಪ್ಪಳ ಭಾಳ ಐತಿ," ಅಂದರು ಇವರು, ಅಷ್ಟೇ.

ಬಿಸಿ ಅನ್ನ, ಹೆಸರುಕಾಳಿನ ಸಾರು, ಬೆಳಗಿನ ರೊಟ್ಟಿ ಉಂಡೆವು. ಚಟ್ನಿ ಉಪ್ಪಾಗಿದೆ ಎಂದು ಯಾರೂ ಅನ್ನಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಲಾಗದೆ ಎದ್ದು ಹೋಗಿ ಬಿಗಿಯಾಗಿ ತಿರುಗಿಸಿ ಬಂದೆ. ಅಷ್ಟರಲ್ಲಿ ಇವರಿಗೆ ನಿದ್ದೆ ಹತ್ತಿತ್ತು. ಆಮೇಲೆ ಅತ್ತೆ ಮಲಗಿದರು. ನಾನಿನ್ನೂ ಎದ್ದಿದ್ದೇನೆ.