ಅಂಗುಲಕ್ಕೆ ಸಾವಿರದ ಇನ್ನೂರು ಚುಕ್ಕೆ

ಬೀದಿಯವರೆಲ್ಲ ಅವಳನ್ನು ಕರೆಯುವುದು ರಫು ಅಕ್ಕ ಎಂದು. ಕೋಟಿಗೆ ಸಿಗರೇಟಿನ ಕಿಡಿ ಬಿದ್ದು ತೂತಾದರೆ, ಶಾಲನ್ನು ಇಲಿ ಕಡಿದರೆ, ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ತೂತು ಇತ್ತೆಂಬುದೇ ಮರೆತುಹೋಗುವಂತೆ ನೇಯ್ದು ಕೊಡುವುದು ಅವಳ ಕೆಲಸ. ನಲವತ್ತು ವರ್ಷ ಇದನ್ನೇ ಮಾಡಿದವಳಿಗೆ ಸ್ವಲ್ಪ ಜಂಬವೂ ಇತ್ತು, ಇರಬಾರದೆ? ಬೇರೆಯವರು ಹಾಕಿದ ರಫು ಎಲ್ಲಿದೆ ಎಂದು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದಳು. ಅವಳು ಹಾಕಿದ್ದು ಎಲ್ಲಿದೆ ಎಂದು ಹೇಳುವವರು ಇನ್ನೂ ಹುಟ್ಟಬೇಕಿತ್ತು.

ಇಂಥವಳು ಅರವತ್ತೊಂದನೇ ವಯಸ್ಸಿನಲ್ಲಿ ಸ್ಕ್ಯಾನರ್ ಕೊಳ್ಳಲು ಹೊರಟಳು. ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಹಳೆಯ ಫೋಟೋಗಳಿದ್ದವು ನಿಜ, ಆದರೆ ಅವಳ ಚಿಂತೆಯೆಲ್ಲ ಒಂದೇ ಫೋಟೋದ್ದು. ಅವಳು ಮೂರು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡ ಅಮ್ಮನ ಫೋಟೋ. ಅಮ್ಮನದೆಂದು ಉಳಿದದ್ದು ಅದೊಂದೇ. ಕುರ್ಚಿಯ ಬೆನ್ನಿಗೆ ತಲೆಯಾನಿಸಿ ನೆಟ್ಟಗೆ ನೋಡುತ್ತಿರುವ ಹೆಂಗಸು, ಹೊಲಿಗೆ ಕೋಣೆಯ ಗೋಡೆಯ ಮೇಲೆ, ಗಾಜಿನ ಹಿಂದೆ. ದಿನಾ ಬೆಳಿಗ್ಗೆ ಮೊದಲ ಸೂಜಿಗೆ ದಾರ ಪೋಣಿಸುವ ಮುನ್ನ ರಫು ಅಕ್ಕ ಆ ಕಣ್ಣುಗಳನ್ನು ಒಮ್ಮೆ ನೋಡಬೇಕು, ಇಲ್ಲದಿದ್ದರೆ ಕೈ ಓಡದು. ನಿನ್ನ ಕಣ್ಣು ಥೇಟ್ ನಿಮ್ಮಮ್ಮನದೇ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅಮ್ಮನಿಂದ ತನಗೆ ಬಂದ ಆಸ್ತಿ ಅದೊಂದೇ ಎಂದು ಅವಳೂ ನಂಬಿದ್ದಳು. ಈಗ ಗಾಜಿನೊಳಗೆ ಬೂಸಲು ಹಿಡಿದು ಗಲ್ಲದವರೆಗೆ ಏರಿತ್ತು. ಕಣ್ಣನ್ನು ಮುಟ್ಟುವುದರೊಳಗೆ ಉಳಿಸಿಕೊಳ್ಳಬೇಕಿತ್ತು.

ಅಂಗಡಿಯವನು ಎರಡು ಯಂತ್ರ ತೋರಿಸಿದ. ಮೊದಲನೆಯದು ನಿಮಿಷಕ್ಕೆ ನಲವತ್ತು ಫೋಟೋ ನುಂಗಿ ಉಗುಳುವಂಥದ್ದು. ಪರೀಕ್ಷೆಗೆಂದು ಕೊಟ್ಟ ಯಾರದೋ ಮದುವೆಯ ಫೋಟೋ ಮೂಲೆ ಮಡಚಿಕೊಂಡು ಹೊರಬಂದದ್ದೇ ತಡ, ರಫು ಅಕ್ಕ ಮೂಗು ಮುರಿದಳು. ಹಳೆಯ ಬಟ್ಟೆಯನ್ನು ಎಳೆದಾಡುವವರನ್ನು ಕಂಡರೇ ಅವಳಿಗೆ ಆಗದು. ಎರಡನೆಯದಕ್ಕೆ ಗಾಜಿನ ಮೈ, ಮೇಲೊಂದು ಮುಚ್ಚಳ. ಫೋಟೋ ಮಲಗಿದ್ದಲ್ಲೇ ಮಲಗಿರುತ್ತದೆ, ಬೆಳಕೇ ಅಡಿಯಲ್ಲಿ ನಿಧಾನವಾಗಿ ಸರಿಯುತ್ತದೆ. ಅವಳಿಗೆ ಅದು ಹಿಡಿಸಿತು.

ಚೌಕಟ್ಟನ್ನು ಬಿಚ್ಚಿ ಅಮ್ಮನನ್ನು ಗಾಜಿನ ಮೇಲೆ ಮಲಗಿಸಿದ್ದಾಯಿತು. ಅಂಗುಲಕ್ಕೆ ಮುನ್ನೂರು ಚುಕ್ಕೆಯಂತೆ ಅಂಗಡಿಯವನು ಒಮ್ಮೆ ತೆಗೆದು ತೋರಿಸಿದ. ಪರದೆಯ ಮೇಲೆ ಅಮ್ಮ ಚೆನ್ನಾಗಿಯೇ ಬಂದಳು, ಕಣ್ಣು ಗೋಡೆಯ ಮೇಲಿದ್ದ ಹಾಗೆಯೇ ಇತ್ತು. ಅಲ್ಲಿಗೆ ಮುಗಿಸಿ ಮನೆಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಸೆ ಯಾರನ್ನು ಬಿಟ್ಟಿದೆ? ಇದಕ್ಕಿಂತ ಹೆಚ್ಚಿಲ್ಲವೇ ಎಂದಳು. ಸಾವಿರದ ಇನ್ನೂರು ಚುಕ್ಕೆಯವರೆಗೂ ಇದೆ, ಚುಕ್ಕೆ ಹೆಚ್ಚಿದಷ್ಟೂ ಚಿತ್ರದ ಸೂಕ್ಷ್ಮ ಕಾಣುತ್ತದೆ, ಆದರೆ ಮನೆಗೆ ಅಷ್ಟೆಲ್ಲ ಬೇಡ ಎಂದು ಅವನು ಬಗೆಬಗೆಯಾಗಿ ಹೇಳಿದರೂ ಅವಳು ಪಟ್ಟು ಬಿಡಲಿಲ್ಲ.

"ನನಗೆ ಕಣ್ಣು ಹತ್ತಿರದಿಂದ ನೋಡ್ಬೇಕಪ್ಪಾ," ಎಂದಳು.

ಬೆಳಕು ಮತ್ತೆ ಸರಿಯಿತು. ಅಂಗಡಿಯವನು ಪರದೆಯ ತುಂಬ ಒಂದೇ ಒಂದು ಕಣ್ಣು ಬರುವಷ್ಟು ಹಿಗ್ಗಿಸಿದ. ರಫು ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿದಳು.

ಕೆನ್ನೆಯ ಮೇಲೆ, ಹಣೆಯ ಮೇಲೆ ಫೋಟೋದ ಮರಳಿನಂಥ ಸಣ್ಣ ಸಣ್ಣ ಕಾಳುಗಳು ಒಂದೇ ಹದದಲ್ಲಿ ಹರಡಿದ್ದವು. ಕಣ್ಣಿನ ಹತ್ತಿರ ಬಂದಾಗ ಕಾಳು ಇಲ್ಲ. ಅಲ್ಲಿದ್ದದ್ದು ಗೆರೆ. ಕೂದಲಿಗಿಂತ ತೆಳ್ಳಗಿನ ಪೆನ್ಸಿಲ್ ಗೆರೆಗಳು, ಒಂದರ ಪಕ್ಕ ಒಂದು. ಕಣ್ಣಿನ ಗುಡ್ಡೆ, ಅದರೊಳಗಿನ ಹೊಳಪು, ಮೇಲಿನ ಮಡಿಕೆ ಎಲ್ಲವೂ ಗೆರೆಯೇ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಟ್ಟೆಯ ಎಳೆ ಒಂದು ಕಡೆಗೆ, ತೇಪೆಯ ಎಳೆ ಇನ್ನೊಂದು ಕಡೆಗೆ ಓಡುವುದನ್ನು ಹಿಡಿಯುವುದೇ ಅವಳ ಅನ್ನ.

"ಇದು ರಫು," ಎಂದಳು.

ಆಗಿನ ಸ್ಟುಡಿಯೋದವರು ಎಲ್ಲರ ಮುಖವನ್ನೂ ಅಷ್ಟಿಷ್ಟು ತಿದ್ದುತ್ತಿದ್ದರು, ಅದೇನು ದೊಡ್ಡ ವಿಷಯವಲ್ಲ ಎಂದು ಅಂಗಡಿಯವನು ಸಮಾಧಾನ ಹೇಳಹೊರಟ. ಅವಳು ಪರದೆಗೆ ಬೆರಳಿಟ್ಟಳು. ಗೆರೆಗಳ ಕೆಳಗೆ ಮಸುಕಾಗಿ ಇನ್ನೊಂದು ಗೆರೆ ಇತ್ತು, ಬಾಗಿದ್ದು, ಅದಕ್ಕಂಟಿಕೊಂಡು ರೆಪ್ಪೆಗೂದಲು. ಮುಚ್ಚಿದ ಕಣ್ಣು. ಇನ್ನೊಂದನ್ನೂ ತೋರಿಸಲು ಹೇಳಿದಳು. ಅದೂ ಮುಚ್ಚಿತ್ತು. ಕುರ್ಚಿಯ ಬೆನ್ನಿಗೆ ಆ ತಲೆಯನ್ನು ಬೇರೆ ಯಾರೋ ಆನಿಸಿಟ್ಟಿದ್ದರು. ಇಷ್ಟು ವರ್ಷ ತಾನು ದಿನಾ ಬೆಳಿಗ್ಗೆ ನೋಡಿದ್ದು ಅಮ್ಮನ ಹೆಣವನ್ನು ಎಂದು ರಫು ಅಕ್ಕನಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ತಿಳಿಯಿತು.

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಎಪ್ಪತ್ತೆಂಟರ ಚಿಕ್ಕಮ್ಮ ಕಿಟಕಿಯ ಬಳಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗಳಿಗೆ ಹಾಕುತ್ತಿದ್ದಳು. ಅಮ್ಮನ ತಂಗಿ. ಹದಿನೇಳರಲ್ಲಿ ಅಕ್ಕನ ಕೂಸನ್ನು ಎತ್ತಿಕೊಂಡವಳು ಆಮೇಲೆ ಇಳಿಸಲೇ ಇಲ್ಲ. ಮೂವತ್ತು ದಾಟುವ ಮೊದಲೇ ಸೋಡಾಬುಡ್ಡಿ ಕನ್ನಡಕ ಬಂದು, ಅದರ ಹಿಂದೆ ಕಣ್ಣು ಎಲ್ಲಿದೆಯೆಂದು ಹುಡುಕಬೇಕಾಗಿತ್ತು.

ರಫು ಅಕ್ಕ ಫೋಟೋವನ್ನು ಗುಂಡಿಗಳ ಮೇಲೆಯೇ ಇಟ್ಟಳು. ಅಮ್ಮ ಸತ್ತ ಮೇಲೆ ತೆಗೆಸಿದ್ದಾ ಎಂದು ಕೇಳಿದಳು. ಚಿಕ್ಕಮ್ಮ ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಹೌದು ಎಂದಳು. ಬದುಕಿದ್ದಾಗ ಒಂದೂ ತೆಗೆಸಿರಲಿಲ್ಲವಂತೆ. ಕೂಸಿಗೆ ನಾಳೆ ಏನು ತೋರಿಸೋಣ ಎಂದು ಆ ಹೊತ್ತಿನಲ್ಲಿ ಸ್ಟುಡಿಯೋದವನನ್ನು ಕರೆಸಿದ್ದರಂತೆ.

"ಅವನು ಅಕ್ಕನ ಕಣ್ಣು ಕಂಡವನೇ ಅಲ್ಲ. ಏನಂತ ಬರೀತಾನೆ? ನನ್ನನ್ನ ಎದುರಿಗೆ ಕೂರಿಸಿಕೊಂಡ. ಅಳಬೇಡಮ್ಮ, ಕಣ್ಣು ಊದಿದ್ರೆ ಗೆರೆ ತಪ್ಪತ್ತೆ ಅಂದ. ಮೂರು ಮಧ್ಯಾಹ್ನ ಅಳದೇ ಕೂತಿದ್ದೆ ಕಣೇ."

ರಫು ಅಕ್ಕ ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಥೇಟ್ ನಿಮ್ಮಮ್ಮನ ಕಣ್ಣು ಎಂದವರೆಲ್ಲ ಹೋಲಿಸಿದ್ದು ಯಾರ ಕಣ್ಣಿಗೆ? ಕೊನೆಗೆ ಒಂದನ್ನೇ ಕೇಳಿದಳು.

"ಹಾಗಾದ್ರೆ ಅಮ್ಮನ ಕಣ್ಣು ಹೇಗಿತ್ತು?"

ಚಿಕ್ಕಮ್ಮ ಫೋಟೋದ ಮೇಲೆ ಬೆರಳಾಡಿಸಿದಳು. "ಮೊದಮೊದಲು ನೆನಪಿತ್ತು," ಎಂದಳು. "ಇದನ್ನ ನೋಡ್ತಾ ನೋಡ್ತಾ ಹೋಗಿಬಿಡ್ತು. ಈಗ ಅಕ್ಕ ಅಂದ್ರೆ ನನ್ನ ಕಣ್ಣೇ ಬರತ್ತೆ. ಯಾರನ್ನ ಕೇಳ್ಲಿ, ಕಂಡವರು ಒಬ್ಬರೂ ಉಳಿದಿಲ್ಲ."

ಸ್ಕ್ಯಾನರ್ ಮನೆಗೆ ಬಂದದ್ದು ವಾರದ ಮೇಲೆ. ನಿಧಾನದ್ದೇ. ಅದಕ್ಕೂ ಮೊದಲು, ಚಿಕ್ಕಮ್ಮ ಇದನ್ನೆಲ್ಲ ಹೇಳಿದ ಮರುದಿನ ಬೆಳಿಗ್ಗೆ, ರಫು ಅಕ್ಕ ಯಾರದೋ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಗೋಡೆಯ ಮೇಲೆ ಬರೀ ಮೊಳೆ. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು, ಎಷ್ಟು ಸಲ ಎಂಜಲು ಹಚ್ಚಿ ಹೊಸೆದರೂ ಇಲ್ಲ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಸೋಡಾಬುಡ್ಡಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಗೋಡೆಯ ಮೇಲಿದ್ದ ಕಣ್ಣುಗಳು, ಸುತ್ತ ಸುಕ್ಕು ಬಿದ್ದು, ನೆಟ್ಟಗೆ ನೋಡಿದವು.

"ಅಳಬೇಡ," ಎಂದಳು ಚಿಕ್ಕಮ್ಮ. "ಎಳೆ ತಪ್ಪತ್ತೆ."