ಮೈಗೆ ಹತ್ತುವ ಬಟ್ಟೆ

ನಲವತ್ತರ ಹೊಸ್ತಿಲಲ್ಲಿ ನನಗೆ ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು. ಮೂಡಲಗಿಯ ಶಾಲೆಯಲ್ಲಿ ಗಣಿತ ಹೇಳುವ ಟೀಚರಿಗೆ ಇದೆಲ್ಲ ಯಾಕೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ. ನನ್ನನ್ನು ಕಾಡಿದ್ದು ಬಟ್ಟೆ.

ಮೊದಲು ಚೂಡಿದಾರದಲ್ಲೇ ನಮ್ಮ ತೋಟದ ಬಾವಿಗೆ ಇಳಿದೆ. ಹತ್ತಿ ಬಟ್ಟೆ ನೀರು ಕುಡಿದು ಕಾಲಿಗೆ ಸುತ್ತಿಕೊಂಡಿತು. ಅದೇ ಒದ್ದೆಯಲ್ಲಿ ಸೈಕಲ್ ಹತ್ತಿದರೆ ತೊಡೆ ಉಜ್ಜಿ ಉರಿ ಎದ್ದಿತು. ಕೊನೆಗೆ ಮೂರಕ್ಕೂ ಆಗುವ ಒಂದೇ ಸೂಟ್ ತರಿಸಿದೆ, ಅದೂ ಒಂದು ಸೈಜ್ ದೊಡ್ಡದು. ನಮ್ಮಲ್ಲಿ ಹೆಣ್ಣುಮಕ್ಕಳ ಬಟ್ಟೆ ತುಸು ಸಡಿಲವೇ ಇರಬೇಕು. ದರ್ಜಿಗೂ ಹಾಗೇ ಹೇಳಿ ರೂಢಿ. ಬಾವಿಗೆ ಧುಮುಕಿದ ಕೂಡಲೇ ಕುತ್ತಿಗೆಯಿಂದ ನೀರು ನುಗ್ಗಿ ಸೂಟು ಹೊಟ್ಟೆಯ ಮೇಲೆ ಕೊಡದ ಹಾಗೆ ಉಬ್ಬಿತು. ಜೀವ ಬಾಯಿಗೆ ಬಂತು. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಹಗ್ಗ ಎಸೆದು ಎಳೆದುಕೊಂಡರು.

"ಇದು ಈಸೂ ಅರಬಿ ಅಲ್ಲ, ಮುಳುಗೂ ಅರಬಿ. ಮೈಗೆ ಹತ್ತೂದು ತರಸ ಯವ್ವಾ," ಎಂದರು.

ಬಿಗಿಯಾದದ್ದು ಬಂತು. ಅದರಲ್ಲಿ ಮೈಯೆಲ್ಲ ಎದ್ದು ಕಾಣುತ್ತಿತ್ತು. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು. ನಾನು ನೀರಿನಿಂದ ಏಳುವಾಗ ಅತ್ತೆ ತಮ್ಮ ಹಳೇ ಸೀರೆಯನ್ನು ಎರಡೂ ಕೈಯಲ್ಲಿ ಹರವಿ ಮರೆ ಹಿಡಿಯುತ್ತಿದ್ದರು, ಹೊಳೆಯಲ್ಲಿ ಹೆಂಗಸರು ಸ್ನಾನ ಮಾಡುವಾಗ ಹಿಡಿಯುವಂತೆ. ಮನೆಯಲ್ಲಿ ನನ್ನ ಪರ ಇದ್ದದ್ದು ಅವರೊಬ್ಬರೇ. ಅವರೂ ಒಳಗೊಳಗೇ ನಾಚುತ್ತಿರಬೇಕು, ಒಂದು ದಿನ ಸಾಕು ಎಂದುಬಿಡುತ್ತಾರೆ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ಮೊದಲ ಸ್ಪರ್ಧೆ ಹುಕ್ಕೇರಿ ಕಡೆಯ ಒಂದು ಕೆರೆಯಲ್ಲಿ. ಅತ್ತೆಯೂ ಜೊತೆಗೆ ಬಂದರು. ಹೊರಗಿನವರ ಸಹಾಯ ಪಡೆದರೆ ಸ್ಪರ್ಧೆಯಿಂದಲೇ ಹೊರಗೆ ಎಂಬ ನಿಯಮವನ್ನು ಅವರಿಗೆ ಹೇಳುವುದು ನನಗೆ ಹೊಳೆಯಲೇ ಇಲ್ಲ. ಗಡಗಡ ನಡುಗುತ್ತ ನೀರಿನಿಂದ ಎದ್ದೆ. ದಂಡೆಯ ತುಂಬ ಗಂಡಸರು, ಎಲ್ಲರ ಕೈಯಲ್ಲೂ ಮೊಬೈಲು. ಜನರನ್ನು ತಡೆಯಲು ಅಡ್ಡ ಕಟ್ಟಿದ್ದ ಹಗ್ಗ ದಾಟಿ ಅತ್ತೆ ಸೀರೆ ಹರವಿಕೊಂಡು ನನ್ನತ್ತ ಬಂದೇಬಿಟ್ಟರು. ತೀರ್ಪುಗಾರ ಸೀಟಿ ಊದಿದ.

"ಬಿಡ್ರಿ ಅತ್ತಿ! ನನ್ನ ಮಾನ ನಾ ಕಾಯ್ಕೊಂತೀನಿ!" ಎಂದು ಅಷ್ಟು ಜನರೆದುರು ಚೀರಿ ಅವರ ಕೈ ಕೊಡವಿದೆ. ಸೀರೆ ಕೆಸರಿಗೆ ಬಿತ್ತು. ನಾನು ಸೈಕಲ್ ಹತ್ತಿದೆ, ಓಡಿದೆ, ಮುಗಿಸಿದೆ. ಕೊರಳಿಗೆ ಪದಕ ಹಾಕಿದರು.

ವಾಪಸು ಬರುವಾಗ ಬಸ್ಸು ಗೋಕಾಕ ದಾಟುವವರೆಗೂ ಅತ್ತೆ ಸೀರೆಗೆ ಮೆತ್ತಿದ್ದ ಕೆಸರು ಕೆರೆದು ಉದುರಿಸುತ್ತಿದ್ದರು. ಆಮೇಲೆ ಮೆಲ್ಲಗೆ, "ನಿನ್ನ ಮೈ ಮುಚ್ಚಾಕ ಬಂದಿದ್ದಿಲ್ಲ ಯವ್ವಾ. ತುಟಿ ನೀಲಿ ಆಗಿದ್ದುವು. ಥಂಡಿ ಹತ್ತೇತಿ ಅಂತ ಹೊದಸಾಕ ಬಂದೆ," ಎಂದರು.

ನಾಚಿಕೆಯಿಂದ ಕುಗ್ಗಿಹೋದೆ. ತಪ್ಪಾಯಿತು ಎಂದೆ. "ಇರ್ಲಿ ಬಿಡು," ಎಂದರು.

ಭಾನುವಾರ ಬಾವಿಗೆ ಹೊರಟಾಗ, "ಬರ್ರಿ ಅತ್ತಿ," ಎಂದು ಕರೆದೆ. "ಮೊಣಕಾಲ ನೋಯಾಕತ್ತಾವು, ನೀನ ಹೋಗಿ ಬಾ," ಎಂದರು. ಮೂರು ತಿಂಗಳಾಯಿತು. ಸಂತೆಗೆ ನಡೆದೇ ಹೋಗಿ ಬರುತ್ತಾರೆ. ನಾನು ಬಾವಿಗೆ ಕರೆದಾಗ ಮಾತ್ರ ಮೊಣಕಾಲು ನೋಯುತ್ತವೆ.