ರಸ್ತೆಯಾಚೆಯ ಕ್ಷೇತ್ರ

ಟಕ್ ಟಕ್ ಎಂದು ಎದುರುಮನೆಯ ಅಂಗಳದಿಂದ ಸುತ್ತಿಗೆಯ ಸದ್ದು ಕೇಳಿ ಥೈರಾ ಹಾಗೆನ್ ಬೆಚ್ಚಿದಳು. ಅಮೆರಿಕದ ಸಂಸತ್ತಿನ ಮಧ್ಯಂತರ ಚುನಾವಣೆ ಬಂದಿತ್ತು. ಆ ಮನೆಯ ಆರ್ವಿಡ್ ತನ್ನ ಪಕ್ಷದ ಫಲಕ ನೆಡುತ್ತಿದ್ದ.

ವಿಸ್ಕಾನ್ಸಿನ್ ರಾಜ್ಯದ ಆ ಊರಿನ ಶಾಲೆಯಲ್ಲಿ ಬಹುಕಾಲ ಅಡುಗೆ ಮಾಡಿ ನಿವೃತ್ತಳಾದ ಥೈರಾಳಿಗೆ, ಗಂಡ ತೀರಿಕೊಂಡ ಮೇಲೆ ಆರ್ವಿಡ್‌ನ ಗೆಳೆತನವೇ ದೊಡ್ಡ ಆಸರೆ. ಅವಳ ಬಾಗಿಲ ಹಿಮವನ್ನು ಅವನು ಸರಿಸುತ್ತಿದ್ದ. ಅವನಿಗೆ ಏಲಕ್ಕಿ ಬ್ರೆಡ್ಡು ಅವಳು ಮಾಡಿಕೊಡುತ್ತಿದ್ದಳು. ಅವಳದು ಎದುರು ಪಕ್ಷವಾದ್ದರಿಂದ ಹಿಂದಿನ ಚುನಾವಣೆಯಲ್ಲಿ ಜಗಳ ಹತ್ತಿ, ಹಿಮ ಕರಗುವವರೆಗೂ ಇಬ್ಬರೂ ಮಾತು ಬಿಟ್ಟಿದ್ದರು. ಅಂಥ ಇನ್ನೊಂದು ಚಳಿಗಾಲ ತನ್ನಿಂದಾಗದು ಎಂದುಕೊಳ್ಳುತ್ತಲೇ ಅವಳು ರಸ್ತೆ ದಾಟಿದಳು.

ಫಲಕದ ಮೇಲಿನ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

"ಇವನ್ಯಾರೋ ಆರ್ವಿಡ್?"

"ಪೇಪರ್ ಓದಲ್ವಾ ಮಾರಾಯ್ತಿ? ಕ್ಷೇತ್ರದ ಗಡೀನ ಹೊಸದಾಗಿ ಎಳೆದಿದ್ದಾರೆ, ಇದೇ ರಸ್ತೆ ಮಧ್ಯದಲ್ಲಿ. ನಾನು ಏಳನೇ ಕ್ಷೇತ್ರ, ನೀನು ಮೂರನೇದು."

"ಅಂದ್ರೆ, ನನ್ನ ಓಟಿಂದ ನಿನ್ನ ಪುಣ್ಯಾತ್ಮ ಸೋಲಲ್ಲ?"

"ನೀನು ತಲೆ ಕೆಳಗೆ ಮಾಡಿ ನಿಂತ್ರೂ ಸೋಲಲ್ಲ."

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಥೈರಾ ಬಗ್ಗಿ ಫಲಕವನ್ನು ನೆಟ್ಟಗೆ ಹಿಡಿದುಕೊಂಡಳು.

"ಸೊಟ್ಟಗಿದೆ ಕಣೋ, ನಿನ್ನ ಪಕ್ಷದ ಹಾಗೇ. ಹೊಡಿ ಈಗ."

ಆರ್ವಿಡ್ ನಗುತ್ತ ಹೊಡೆದ. ಆಮೇಲೆ ಹಣೆ ಒರೆಸಿಕೊಂಡು, "ಆದ್ರೆ ಥೈರಾ, ಗವರ್ನರ್ ಚುನಾವಣೆ ಇಡೀ ರಾಜ್ಯಕ್ಕೆ ಒಂದೇ. ಅದರಲ್ಲಿ ನೀನೇನಾದ್ರೂ ಮತ್ತೆ ಆ..." ಎಂದು ಶುರುಮಾಡಿದ.

"ನಾನು ಮೂರನೇ ಕ್ಷೇತ್ರದೋಳು, ಅಲ್ಲಿಗೆ ನಿನ್ನ ಮಾತು ಕೇಳ್ಸಲ್ಲ!" ಎನ್ನುತ್ತ ಥೈರಾ ಆಗಲೇ ಅರ್ಧ ರಸ್ತೆ ದಾಟಿದ್ದಳು.